ದೀಪ ಸೊರಗದ ಸಂಜೆ

೨೦೫೮ರ ಬೇಸಿಗೆಯ ಒಂದು ಸಂಜೆ ಹಿರೇತೊರೆಯ ಪಂಪುಮನೆಯಲ್ಲಿ ದೊಡ್ಡ ಮೋಟಾರು ಸದ್ದಿಲ್ಲದೆ ತಿರುಗತೊಡಗಿತು. ಊರಿನ ಒಂದು ದೀಪವೂ ಸೊರಗಲಿಲ್ಲ.

ದೊಡ್ಡ ಮೋಟಾರು ಹೊರಡುವ ಗಳಿಗೆಯಲ್ಲಿ, ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಸುತ್ತಲ ದೀಪಗಳು ಮಂಕಾಗುತ್ತವೆ. ನೇರವಾಗಿ ಹೊರಡಿಸಬೇಕೆ, ಸ್ಟಾರ್-ಡೆಲ್ಟಾದಲ್ಲಿ ಮೊದಲು ಕಡಿಮೆ ವೋಲ್ಟೇಜ್ ಕೊಟ್ಟು ಆಮೇಲೆ ಪೂರ್ತಿ ಕೊಡಬೇಕೆ, ಇಲ್ಲ ವೇಗವನ್ನೇ ಮೆಲ್ಲಗೆ ಏರಿಸಬೇಕೆ ಎಂದು ಪಂಪಿನ ಭಾರ, ಲೈನಿನ ಬಲ ನೋಡಿ ಇಷ್ಟು ವರ್ಷ ನಿರ್ಧರಿಸುತ್ತಿದ್ದವನು ಆಪರೇಟರ್ ಮಡಿವಾಳಪ್ಪ. ಈಗ ಆ ಕೆಲಸವೂ, ಮೋಟಾರು ಹಚ್ಚುವುದೂ ‘ಆಯ್ಕೆಗಾರ’ನೆಂಬ ಪೆಟ್ಟಿಗೆಯದು. ಮೋಟಾರು ವೇಗ ಪಡೆಯುತ್ತಿರುವಾಗಲೇ ಅದು ಒಂದು ವಿಧಾನದಿಂದ ಇನ್ನೊಂದಕ್ಕೆ ಹೊರಳಬಲ್ಲದು.

ಅದನ್ನು ಕಂಡುಹಿಡಿದವಳು ಕಸ್ತೂರಿ ಬಡಿಗೇರ. ಸಂಜೆ ಕಾಲೇಜಿನಲ್ಲಿ ಮಡಿವಾಳಪ್ಪನ ಪಕ್ಕದ ಬೆಂಚಿನವಳು. ಸ್ಟಾರ್-ಡೆಲ್ಟಾ ಎಂದರೇನೆಂದು ಅವಳಿಗೆ ಹೇಳಿಕೊಟ್ಟವನೇ ಅವನು. ಅವಳಿಗೆ ಡಾಕ್ಟರೇಟ್ ಬಂದಾಗ ಹಾರ ಹಾಕಿದ್ದ. ಪೆಟ್ಟಿಗೆ ಬಂದ ದಿನ ಮಾತ್ರ ಅವಳ ಹೆಸರೆತ್ತಿದವರ ಮೇಲೆಲ್ಲ ರೇಗಿದ್ದ.

“ಹೆಂಗೈತಿ ಅಣ್ಣಾ?” ಎಂದಳು ಕಸ್ತೂರಿ, ತಿರುಗುತ್ತಿದ್ದ ಮೋಟಾರು ತೋರಿಸಿ.

“ಭಾಳ ಚಲೋ ಐತ್ರಿ, ಡಾಕ್ಟರ್ ಮೇಡಂ.”

“ನೀ ಮೇಡಂ ಅಂದ್ರ ಬೈದಂಗ ಕೇಳಸ್ತೈತಿ.”

“ಹಂಗಾರ ಕಿವಿ ಸರಿ ಅದಾವು.”

ಮರುದಿನ ಬೆಳಿಗ್ಗೆ ಹೆಂಗಸರು ಖಾಲಿ ಕೊಡಗಳೊಂದಿಗೆ ಗೇಟಿನ ಮುಂದೆ ನಿಂತಿದ್ದರು. ನಿನ್ನೆ ನೀರೇ ಬಿಟ್ಟಿಲ್ಲ ಎಂದು ಕೂಗಾಟ. ನೀರೇನೋ ಹೋಗಿತ್ತು. ಕಸ್ತೂರಿ ಮೀಟರು ನೋಡಿ ತಲೆ ಕೆರೆದುಕೊಂಡಳು.

ಮಡಿವಾಳಪ್ಪನಿಗೆ ಕೂಡಲೇ ಹೊಳೆಯಿತು. ಹಿರೇತೊರೆಯಲ್ಲಿ ನೀರು ಬಿಡುವುದಕ್ಕೆ ಹೊತ್ತುಗೊತ್ತಿಲ್ಲ. ಮನೆಯ ದೀಪ ಸೊರಗಿದರೆ ಕೊಡ ಎತ್ತಿಕೊಂಡು ನಲ್ಲಿಗೆ ಓಡುವುದು ರೂಢಿ. ನಿನ್ನೆ ದೀಪ ಸೊರಗಲಿಲ್ಲ, ಯಾರೂ ಓಡಲಿಲ್ಲ. ಇನ್ನೊಮ್ಮೆ ಹೀಗಾದರೆ ಪುರಸಭೆ ಪೆಟ್ಟಿಗೆಯನ್ನು ವಾಪಸು ಕಳಿಸುತ್ತದೆ, ಸ್ವಿಚ್ಚು ಮತ್ತೆ ತನ್ನ ಕೈಗೆ ಬರುತ್ತದೆ. ಅವನೂ ಮೀಟರಿನತ್ತ ಬಾಗಿ, ತಿಳಿಯದವನಂತೆ ನೋಡಿದ.

“ಏನಾಗಿರಬೇಕು ಅಣ್ಣಾ?”

“ನಿಮ್ಮ ಪೆಟ್ಟಿಗೀನ ಕೇಳ್ರಿ. ಅದಕ್ಕ ಎಲ್ಲಾ ಗೊತ್ತಲ್ಲ.”

ಅವಳು ಪೆಟ್ಟಿಗೆಯನ್ನು ಕೇಳಲಿಲ್ಲ. ನಲ್ಲಿಯ ಕಟ್ಟೆಯ ಮೇಲೆ ಹೆಂಗಸರ ನಡುವೆ ಹೋಗಿ ಕೂತಳು. ತಿರುಗಿ ಬಂದವಳು ಆಯ್ಕೆಗಾರನಲ್ಲಿ ಏನೋ ಬದಲಿಸಿ, “ಬಾ, ಚಾ ಕುಡಿಯೂಣು” ಎಂದು ಅವನನ್ನು ಪೇಟೆಗೆ ಕರೆದೊಯ್ದಳು.

ಚಹಾ ಬರುವಷ್ಟರಲ್ಲಿ ಅಂಗಡಿಯ ದೀಪ ಒಮ್ಮೆ ಸೊರಗಿ ಮತ್ತೆ ಬೆಳಗಿತು. ಕಸ್ತೂರಿ ಪೆಟ್ಟಿಗೆಗೆ ಕಲಿಸಿ ಬಂದದ್ದು ಇದನ್ನೇ: ಬೇಕೆಂದೇ, ಬೇಕಾದಷ್ಟೇ ಸೊರಗಿಸುವುದು. ಓಣಿಯಲ್ಲೆಲ್ಲ ಕೊಡಗಳ ಸದ್ದು.

“ಮಡಿವಾಳಪ್ಪ ಮೋಟಾರ್ ಹಚ್ಚಿದ, ಏಳ್ರೇ!” ಅಂಗಡಿಯ ರುಕ್ಮವ್ವ ಕೂಗಿದಳು.

“ಏ, ನಾ ಇಲ್ಲೇ ಕುಂತೀನಿ!”

“ನೀ ಎಲ್ಲಿರೆ ಕುಂದ್ರೋ, ನೀರು ಬಂತಲ್ಲ!” ಎನ್ನುತ್ತ ಅವಳು ಓಡಿದಳು.

ಆ ಸೊರಗುವಿಕೆಯನ್ನು ತನ್ನ ಕುಂದೆಂದು ತಿಳಿದು, ಕಡಿಮೆ ಮಾಡಲು ಅವನು ಜೀವಮಾನವಿಡೀ ಹೆಣಗಿದ್ದ. ಊರು ಅವನನ್ನು ಗುರುತಿಟ್ಟುಕೊಂಡಿದ್ದು ಅದರಿಂದಲೇ.

ಅವನು ಕಸ್ತೂರಿಯತ್ತ ತಿರುಗಿದ. ಅವಳು ನಗಲು ನೋಡುತ್ತಿದ್ದಳು. ನಗು ತುಟಿಯಲ್ಲಿ ನಿಲ್ಲಲಿಲ್ಲ. ಪೆಟ್ಟಿಗೆ ಅವಳದು, ಹೆಸರು ಅವನದು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಬಂದ ದಿನದಿಂದ ತಾನು ಹೊತ್ತು ತಿರುಗಿದ್ದೂ ಅದನ್ನೇ.

“ಇನ್ನೊಂದ್ ಚಾ ಹೇಳ್ಲ್ಯಾ, ತಂಗೀ?” ಎಂದ.

ಇವತ್ತು ನಮ್ಮ ಮನೆಯ ದೀಪ ಅರೆಗಳಿಗೆ ಮಂಕಾದರೆ ನಾವು ಬೈಯುತ್ತೇವೆ. ಎಲ್ಲೋ ಒಬ್ಬರು ಮೋಟಾರು ಹಚ್ಚಿರುತ್ತಾರೆ. ಅವರ ಹೆಸರು ನಮಗೆ ತಿಳಿದಿರುವುದಿಲ್ಲ, ಅಷ್ಟೆ.