ತಾತ ಇಳಿಸಿಟ್ಟ ಶ್ರುತಿ

"ಮುಟ್ಬೇಡಿ ಅದನ್ನ...! ಕೈ ತೆಗೀರಿ ಮೊದ್ಲು!"

ಕುಮಾರಿಯ ಕೂಗಿಗೆ ಶಾಮಿಯಾನದಡಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಮೂರು ದಿನದ ಡ್ಯೂಟಿ ಮುಗಿಸಿ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಈಗಷ್ಟೇ ಊರಿಗೆ ಬಂದಿಳಿದಿದ್ದಳು. ಹೆಗಲ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು.

ಅವತ್ತು ತಾತ ರಾಚಯ್ಯನ ಹನ್ನೊಂದನೇ ದಿನದ ಕಾರ್ಯ. ಫೋಟೊದ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ಅವರೆಕಾಳು ಸಾರು, ಒಂದು ಕಟ್ಟು ಬೀಡಿ. ಎಡೆಯ ಪಕ್ಕದಲ್ಲಿರಬೇಕಾಗಿದ್ದ ತಾತನ ಗಿಟಾರ್ ಮಾತ್ರ ಯಾರೋ ಅಪರಿಚಿತನ ತೊಡೆಯ ಮೇಲಿತ್ತು. ಅವನು ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದ!

"ಯಾರ್ರೀ ನೀವು? ನಮ್ ತಾತ ಕೊನೇಗೆ ಕೂಡ್ಸಿಟ್ಟಿದ್ದ ಶ್ರುತಿ ಅದು. ಅಳಿಸಿಬುಟ್ರಲ್ಲ...!"

ಅವನು ಕಣ್ಣೆತ್ತಿ ಅವಳನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ, ಕೊನೆಯ ತಂತಿಯನ್ನು ಇನ್ನೊಂದಿಷ್ಟು ಇಳಿಸಿದ!

'ಎಷ್ಟು ಸೊಕ್ಕು ಇವನಿಗೆ!' ಕುಮಾರಿಯ ಕಣ್ಣು ತುಂಬಿತು. ಗಿಟಾರನ್ನು ಕಿತ್ತುಕೊಂಡು ನಡುಮನೆಗೆ ಹೋಗಿ ಗೋಡೆಗೊರಗಿ ಕುಳಿತಳು.

ರಾಚಯ್ಯ ಬಂಡೀಪುರದ ಗೇಟಿನ ಕಾವಲುಗಾರನಾಗಿದ್ದವನು. ಹರೆಯದಲ್ಲಿ ಊಟಿ ಕಡೆ ಟೀ ಎಸ್ಟೇಟಿಗೆ ಕೂಲಿಗೆ ಹೋದಾಗ, ಅಲ್ಲಿನ ಮ್ಯಾನೇಜರ್ ಗಿಟಾರಿನಲ್ಲಿ ನುಡಿಸುತ್ತಿದ್ದ ಬ್ಲೂಸ್, ಅಮೆರಿಕದ ಕಪ್ಪು ಕೂಲಿಗಳ ನೋವಿನ ಹಾಡು, ಅವನಿಗೆ ಅಂಟಿಕೊಂಡಿತು. "ನಮ್ಮವ್ವ ಕಳೆ ಕೀಳ್ತಾ ಹಿಂಗೇ ಹಾಡೋಳು ಕಣಮ್ಮಿ. ಇದೇನು ಬೇರೇರ್ದಲ್ಲ" ಎನ್ನುತ್ತಿದ್ದ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಊರು ನಕ್ಕಿತು. ಆದರೆ ರಾತ್ರಿಯೆಲ್ಲ ಮುಚ್ಚಿರುವ ಆ ಕಾಡುದಾರಿಯ ಗೇಟು ಬೆಳಗಿನ ಆರಕ್ಕೆ ತೆರೆಯುವುದನ್ನೇ ಕಾಯುತ್ತಿದ್ದ ಲಾರಿಯವರು ನಗಲಿಲ್ಲ. ಪ್ರವಾಸಿಗರು ಎಸೆದ ಬಾಟಲಿಯ ಕತ್ತನ್ನು ಬೆರಳಿಗೆ ಸಿಕ್ಕಿಸಿಕೊಂಡು ಅವನು ತಂತಿಯ ಮೇಲೆ ಜಾರಿಸಿದರೆ ಎಂಜಿನ್‌ಗಳು ಆಫ್ ಆಗುತ್ತಿದ್ದವು. ರಿಟೈರಾದ ಮೇಲೂ ಅವನು ಒಂದು ಬೆಳಗನ್ನೂ ತಪ್ಪಿಸಲಿಲ್ಲ. ಈಗ ಶಾಮಿಯಾನದಡಿ ಇದ್ದವರೆಲ್ಲ ಅವರೇ... ಚೆಂಡುಹೂವಿನ ಲಾರಿಯವರು, ಬಾಳೆಕಾಯಿ ಸಾಗಿಸುವ ಮಲಯಾಳಿಗಳು.

ಕುಮಾರಿಯದು ಗಡುಸು ದನಿ. ಎಂಟನೇ ಕ್ಲಾಸಿನಲ್ಲಿ ಮೈಕಿನ ಮುಂದೆ ಹಾಡಿದಾಗ "ಗಂಡು ದನಿ" ಎಂದು ಶಾಲೆಯೆಲ್ಲ ನಕ್ಕಿತ್ತು. ಅಂದಿನಿಂದ ಅವಳು ಹಾಡಿಲ್ಲ. ಹೋದ ತಿಂಗಳು ತಾತ ಕೇಳಿದ್ದ, "ಒಂದ್ಸಲ ಹಾಡಮ್ಮಿ..."

"ಬುಡು ತಾತ, ನಗ್ತರೆ."

ಅವನು ಮತ್ತೆ ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ... ಆ ಶ್ರುತಿಯಾದರೂ ಉಳಿಯಲಿ ಎಂದುಕೊಂಡಿದ್ದಳು!

"ಅವ್ವಾ..." ಬಾಗಿಲಲ್ಲಿ ಸಂತೆಮರಹಳ್ಳಿಯ ದೊಡ್ಡಮಲ್ಲಪ್ಪ ನಿಂತಿದ್ದ. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುವ ಮುದುಕ. "ಆ ಹುಡ್ಗನ್ನ ಬೈಬ್ಯಾಡ ಕಣವ್ವ. ತಪ್ಪು ನಂದು. ಬೆಳಿಗ್ಗೆ ಬಂದೆ, ತಂತಿ ಎಲ್ಲಾ ಜೋತ್ಬಿದ್ದಿದ್ವು. ಶ್ರುತಿ ಕೆಟ್ಟದೆ, ಕೊನೇ ಸೇವೆ ಅಂತ ಬಿಗಿ ಮಾಡ್ಬುಟ್ಟೆ. ಅವ್ನು ನೋಡಿ ಅತ್ತುಬುಟ್ಟ. ತಿರ್ಗಾ ಇಳಿಸ್ತಾ ಕುಂತಿದ್ದ, ಅಷ್ಟೊತ್ಗೆ ನೀ ಬಂದೆ."

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ದುಃಖದಲ್ಲಿರುವವರ ಆತುರ ಇನ್ನೂ ಕೆಟ್ಟದ್ದು. ಕುಮಾರಿ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು.

ಅವನು ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ಹೆಸರು ಮಲ್ಲಿಕಾರ್ಜುನಸ್ವಾಮಿ. ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೂವಿನ ಲಾರಿ ಓಡಿಸುವವನು.

"ತಪ್ಪಾಯ್ತು..." ಎಂದಳು. "ಆದ್ರೆ ತಾತ ಅಷ್ಟು ಕೆಳಗೆ ಯಾಕಿಳಿಸ್ತಿದ್ದ?"

ಅವನು ಫೋಟೊದ ಕಡೆ ತಿರುಗಿದ.

"ಮೂರು ವರ್ಸ ಗೇಟ್ ಹತ್ರ ದಿನಾ ನೋಡಿವ್ನಿ, ಅವ್ರತ್ರಾನೇ ನುಡ್ಸೋದು ಕಲ್ತಿವ್ನಿ. ನುಡ್ಸೋಕ್ ಮುಂಚೆ ಎಲ್ಲಾ ತಂತಿ ಇಳಿಸೋರು. 'ಇದು ನಮ್ ಕುಮಾರಿ ದನಿ ಕಣ್ಲಾ. ಅವ್ಳು ಎಂದಾರ ಒಂದಿನ ಬತ್ತಳೆ, ಗಿಟಾರ್ ರೆಡಿ ಇರ್ಬೇಕು' ಅನ್ನೋರು."

ಕುಮಾರಿ ಬೇವಿನ ಮರಕ್ಕೆ ಒರಗಿ ನಿಂತಳು. ಇಷ್ಟು ವರ್ಷ... ಪ್ರತಿ ಬೆಳಗೂ... ತನಗಾಗಿಯೇ!

"ನಿಮ್ ದನಿ ನಾನು ಕೇಳೇ ಇರ್ನಿಲ್ಲ" ಎಂದ ಅವನು, ನೆಲ ನೋಡುತ್ತ. "ಅದು ಎಲ್ಲಿ ನಿಲ್ತದೆ ಅಂತ ಮಾತ್ರ ಗೊತ್ತಿತ್ತು. ಕೇಳದೇ ಇದ್ರೂ... ಇಷ್ಟ ಆಗೋಗಿತ್ತು. ಇವತ್ತು ಕೊನೇ ತಂತಿ ಎಷ್ಟು ಇಳಿಸ್ಬೇಕು ಅಂತ ತಿಳೀನೇ ಇಲ್ಲ. ನೀವು ಬಂದು ಬೈದ್ರಲ್ಲ... ಆಗ ಸಿಕ್ತು."

ಅವಳು ಒಳಗೆ ಹೋಗಿ ಗಿಟಾರ್ ತಂದು ಅವನ ಕೈಗಿಟ್ಟಳು. ಎಡೆಯ ಬಳಿ ಇದ್ದ ಬಾಟಲಿಯ ಕತ್ತನ್ನೂ ಕೊಟ್ಟಳು. ಫೋಟೊದ ಮುಂದೆ ಚಾಪೆಯ ಮೇಲೆ ಕುಳಿತಳು.

ಗಾಜು ತಂತಿಯ ಮೇಲೆ ಜಾರಿತು. 'ನಗ್ತಾರೇನೋ...' ಕುಮಾರಿ ಕಣ್ಣು ಮುಚ್ಚಿಕೊಂಡು, ತಾತನ ಬಾಯಲ್ಲಿ ಕೇಳಿದ್ದ, ಅವನ ಅವ್ವ ಕಳೆ ಕೀಳುತ್ತ ಹಾಡುತ್ತಿದ್ದ ಪದ ಎತ್ತಿದಳು. ಗಡುಸಾದ ಆ ದನಿ ಎಲ್ಲೂ ತಡಕಾಡದೆ ತಂತಿಯ ಪಕ್ಕದಲ್ಲೇ ಹೋಗಿ ನಿಂತಿತು.

ಯಾರೂ ನಗಲಿಲ್ಲ. ದೊಡ್ಡಮಲ್ಲಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೊರಗೆ ಹೊರಡಲೆಂದು ಲಾರಿ ಸ್ಟಾರ್ಟ್ ಮಾಡಿದ್ದ ಒಬ್ಬ, ಎಂಜಿನ್ ಆಫ್ ಮಾಡಿ ಇಳಿದು ಬಂದ.

ಹಾಡು ಮುಗಿದ ಮೇಲೆ ಅವಳು ಮೆಲ್ಲಗೆ ಹೇಳಿದಳು, "ಎರಡನೇ ತಂತಿ ಇನ್ನೊಂಚೂರು ಇಳೀಬೇಕು."

"ನಾಳೆ ಇಳಿಸ್ತೀನಿ. ಗೇಟ್ ಹತ್ರ... ಬತ್ತೀರಾ?"

"ಆರಕ್ಕೆ ತಾನೆ ಗೇಟ್ ತೆಗೆಯೋದು?"

"ಊಂ."

"ಹಂಗಾರೆ ಐದೂವರೆಗೇ ಬತ್ತೀನಿ. ತಾತ ತುಂಬಾ ಕಾದುಬುಟ್ಟ. ನೀವೂ ಕಾಯೋದು ಬ್ಯಾಡ."