ಮೇ ತಿಂಗಳಲ್ಲಿ ಮಂಕಿ ಕ್ಯಾಪ್

ಜೋಡಿ ನಳಿಗೆ ಕೋವಿಯ ಎರಡು ಕಣ್ಣೂ ನನ್ನ ಮೂಗನ್ನೇ ನೋಡ್ತಿದ್ದವು.

"ಕೈ ಮೇಲೆ," ಅಂದ ದೇವೇಂದ್ರ.

ಎತ್ತಿದೆ. ಬಲಗೈಯಲ್ಲಿ ಅವನ ಬಾಟಲಿ ಇತ್ತು.

"ಬಾಟ್ಲಿ ಕೆಳಗಿಡಿ."

"ಮೇಲೋ ಕೆಳಗೋ... ಒಂದು ತೀರ್ಮಾನಕ್ಕೆ ಬಾ ಮಾರಾಯ."

ಭಯ ಇರಲಿಲ್ಲ ಅಂತ ನಿಮ್ಮ ಹತ್ರ ಸುಳ್ಳು ಹೇಳಲ್ಲ. ಆದರೆ ಮೇ ತಿಂಗಳ ಮಟಮಟ ಮಧ್ಯಾಹ್ನ, ಉಲ್ಲನ್ ಮಂಕಿ ಕ್ಯಾಪ್ ಹಾಕ್ಕೊಂಡು ಬೆವರು ಸುರಿಸ್ತಾ ನಿಂತವನ ಕೈಯಲ್ಲಿ ಸಾಯೋದಾ? ಬಾಳ್ಳುಪೇಟೆ ಮೀನಾಕ್ಷಮ್ಮ ನಾನು, ನನಗೂ ಒಂದು ಮರ್ಯಾದೆ ಐತೆ.

ನನ್ನ ಕಸುಬು ಇಷ್ಟೇ. ಹೆಣ್ಣು ಕೊಡೋಕೆ ಮುಂಚೆ ಗಂಡನ್ನ ವಿಚಾರಿಸ್ತೀನಿ. ಕುಡಿತವಾ, ಇಸ್ಪೀಟಾ, ಸಕಲೇಶಪುರದಲ್ಲಿ ಇನ್ನೊಂದು ಮನೆಯಾ... ಎಲ್ಲಾ ಕೆದಕಿ ತರ್ತೀನಿ.

ಈ ಸಲ ಕರೆಸಿದ್ದು ಆನೇಮಹಲ್‌ನ ರಾಜಲಕ್ಷ್ಮಮ್ಮ. ಕಾಫಿ ಬೆಳೆಗಾರ್ತಿ. ಮಗಳು ಚೈತ್ರಶ್ರೀಗೆ ಕೆ. ಹೊಸಕೋಟೆ ಕಡೆಯ ದೇವೇಂದ್ರನ ಸಂಬಂಧ ಬಂದಿತ್ತು. ಎಸ್ಟೇಟ್ ಒಪ್ಪಿಗೆ. ಜಾತಕ ಒಪ್ಪಿಗೆ. ಫೋಟೊನೂ ಒಪ್ಪಿಗೆ.

"ಆದ್ರೆ ಮೆಡಿಕಲ್ ಶಾಪಿಗೆ ಕದ್ದು ಹೋಗ್ತಾನಂತೆ ಕಣೆ," ಅಂದಿದ್ದರು. "ಪೇಪರ್ ಸುತ್ತಿ ಬಾಟ್ಲಿ ತರ್ತಾನಂತೆ. ಏನೋ ಕಾಯಿಲೆ ಐತೆ. ಇವತ್ತು ಮಧ್ಯಾಹ್ನವೇ ಮನೆ ನೋಡೋಕೆ ಹೋಗ್ತೀವಿ. ಅಷ್ಟರೊಳಗೆ ಪತ್ತೆ ಮಾಡು. ಕಾಯಿಲೆ ಇದ್ರೆ ಅಂಗಳದಿಂದ್ಲೇ ವಾಪಸ್."

ಸೀದಾ ಬಾಳ್ಳುಪೇಟೆಯ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯ ಅಬ್ಬಾಸ್ ಬಾಯಿ ಬಿಡಲಿಲ್ಲ.

"ಗಿರಾಕಿ ಗುಟ್ಟು ಹೇಳಲ್ಲ ಕಣಕ್ಕ. ನಿಮ್ದೂ ಒಂದೆರಡು ನನ್ ಹತ್ರ ಐತೆ."

ಮಾತು ತಿರುಗಿಸಿ ಕೆಮ್ಮಿನ ಮಾತ್ರೆ ಕೇಳಿದೆ.

ಅದೇ ಹೊತ್ತಿಗೆ ಅಂಗಡಿ ಮುಂದೆ ಜೀಪು ಬ್ರೇಕ್ ಹಾಕ್ತು. ಇಳಿದವನು ದೇವೇಂದ್ರ. ತಲೆ ಮೇಲೆ ಮಂಕಿ ಕ್ಯಾಪ್. ಅಬ್ಬಾಸ್ ಕಿವಿಗೆ ಏನೋ ಹೇಳೋಕೆ ಬಗ್ಗಿದ... ನನ್ನನ್ನ ಕಂಡ... ವಾಪಸ್ ಜೀಪು ಹತ್ತಿ ಓಡಿದ.

ನಾನು ಮೊಪೆಡ್ ಹತ್ತಿದೆ. ಹೈವೇ ತುಂಬ ಮಂಗಳೂರಿನ ಲಾರಿಗಳು. ಎರಡು ಟ್ಯಾಂಕರ್ ಮಧ್ಯೆ ನುಗ್ಗಿದೆ. ಒಬ್ಬ ಡ್ರೈವರ್ ನಮ್ಮಮ್ಮನ್ನೆಲ್ಲ ನೆನೆಸಿಕೊಂಡ. ಜೀಪಿನ ಧೂಳು ಹಿಡಿದೇ ಎಸ್ಟೇಟ್ ಸೇರಿದೆ. ಅವನು ಮನೆಯೊಳಗೆ ಹೋದ, ನಾನು ತೋಟದ ಸಾಮಾನಿಡೋ ಸ್ಟೋರ್ ರೂಮಿಗೆ ನುಗ್ಗಿದೆ. ಸ್ಪ್ರೇ ಸಾಮಾನಿನ ಹಿಂದೆ ಬಾಟಲಿ ಸಿಕ್ತು.

ಬೆನ್ನ ಹಿಂದೆ ಕೋವಿಯೂ ಬಂತು.

ಕೈ ಮೇಲಿದ್ದಂತೆಯೇ ಲೇಬಲ್ ಓದಿದೆ. ತಲೆಗೆ ಹಚ್ಚೋ ಲೋಷನ್. ಕೂದಲು ಉದುರೋದು ನಿಲ್ಲೋಕೆ. ಎರಡು ಪರ್ಸೆಂಟ್.

"ಇಷ್ಟೇನಾ?"

"ಇಷ್ಟೇನಾ ಅಂತೀರಾ? ನಾವು ಕೊಟ್ಟಿರೋ ಫೋಟೊ ಕಾಲೇಜ್ ಟೈಮಿಂದು ಕಣಕ್ಕ."

"ಕೋವಿ ಇಳಿಸು. ತೋಟಾ ಐತಾ ಅದ್ರಲ್ಲಿ?"

"ಇಲ್ಲ. ಮಂಗ ಹೆದರ್ಸೋಕೆ ಇಟ್ಟಿರೋದು."

"ನನ್ನನ್ನ ಏನು ಅನ್ಕೊಂಡೆ? ಹೋಗ್ಲಿ, ಕ್ಯಾಪ್ ತೆಗಿ, ನೋಡೋಣ."

"ಆಗಲ್ಲ."

"ನಾಚಿಕೆ ಯಾಕೋ?"

"ನಾಚಿಕೆ ಅಲ್ಲಕ್ಕ... ಬರ್ತಿಲ್ಲ."

ಹತ್ತಿರ ಹೋಗಿ ಮೂಸಿದೆ. ಗಮ್ಮಿನ ವಾಸನೆ! ಮಳೆ ಹಿಡಿಯೋಕೆ ಮುಂಚೆ ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡೀತಾರಲ್ಲ, ಮಳೆಗೆ ತೊಳೆದು ಹೋಗದಿರಲಿ ಅಂತ ಅದಕ್ಕೆ ಬೆರೆಸೋ ಗಮ್ಮು.

"ಲೋಷನ್ನಿಗೆ ಗಮ್ ಹಾಕಿದ್ಯಾ?"

"ಹಚ್ಚಿದ್ಮೇಲೆ ನಾಲ್ಕು ಗಂಟೆ ತಲೆ ಒದ್ದೆ ಆಗ್ಬಾರ್ದು ಅಂದಿದ್ದ ಅಬ್ಬಾಸ್. ಬೆವರಿಗೆ ಇಳಿದು ಹೋಗ್ಬುಟ್ರೆ? ಅದಕ್ಕೆ... ಒಂದೇ ಚಮಚ. ಮೇಲೆ ಕ್ಯಾಪ್ ಹಾಕ್ದೆ."

"ಅವನನ್ನ ಕೇಳ್ಬೇಕಿತ್ತು."

"ಕೇಳೋಕೇ ಬಂದಿದ್ದೆ. ನೀವು ನಿಂತಿದ್ರಿ."

ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತರಿಸಿದೆ. ಕ್ಯಾಪಿನ ಅಂಚಲ್ಲಿ ಸುರಿದೆ. ತಿಕ್ಕಿದೆ. ಮತ್ತೆ ಸುರಿದೆ. ಅವನು ಕಾಫಿ ಮೂಟೆ ಮೇಲೆ ಕಣ್ಣು ಮುಚ್ಚಿ ಕೂತಿದ್ದ.

ಗೇಟಿನ ಹತ್ರ ಕಾರಿನ ಹಾರ್ನ್.

"ಬಂದ್ಬುಟ್ರು," ಅಂದ. "ಅಕ್ಕ, ಜ್ವರ ಅಂತ ಹೇಳ್ಬುಡಿ."

"ಕಾಯಿಲೆ ಐತಾ ಅಂತ ನೋಡೋಕೆ ಬಂದಿರೋರಿಗೆ ಜ್ವರ ಅಂತ ಹೇಳ್ಲಾ?"

ಎರಡೂ ಕೈಯಲ್ಲಿ ಹಿಡಿದು ಎಳೆದೆ. ಕ್ಯಾಪ್ ಬಂತು. ನೆತ್ತಿ ಮೇಲೆ ಉಳಿದಿದ್ದ ನಾಲ್ಕು ಕೂದಲೂ ಅದರ ಜೊತೆಗೇ ಬಂದವು. ಅವನು ಕೂಗಿದ ಕೂಗಿಗೆ ಅಂಗಳದಲ್ಲಿದ್ದವರೆಲ್ಲ ಸ್ಟೋರಿಗೆ ಓಡಿ ಬಂದರು.

ಮುಂದೆ ರಾಜಲಕ್ಷ್ಮಮ್ಮ. ಪಕ್ಕದಲ್ಲಿ ಚೈತ್ರಶ್ರೀ. ಎದುರಿಗೆ ಎಣ್ಣೆ ಸುರಿಯೋ ಬೋಳು ತಲೆ, ಅಲ್ಲಲ್ಲಿ ಕೆಂಪು ಉಲ್ಲನ್.

"ಕಾಯಿಲೆ ಏನಿಲ್ಲ," ಅಂದೆ. "ಮಿಕ್ಕಿದ್ದನ್ನ ಅವನೇ ಹೇಳ್ಲಿ."

ಹೇಳಿದ. ಫೋಟೊ ಹಳೇದು ಅಂದ, ಲೋಷನ್ ಅಂದ, ಗಮ್ ಅಂದ. ನೆಲ ನೋಡ್ಕೊಂಡೇ ಹೇಳಿದ. ರಾಜಲಕ್ಷ್ಮಮ್ಮ ಸೆರಗು ಸರಿ ಮಾಡ್ಕೊಂಡು ಬಾಗಿಲ ಕಡೆ ತಿರುಗಿದರು. ಸಂಬಂಧ ಮುಗೀತು ಅನ್ಕೊಂಡೆ.

ಚೈತ್ರಶ್ರೀ ಮಾತ್ರ ಅಲ್ಲಾಡಲಿಲ್ಲ. ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಗಮ್ ಮೊದ್ಲು ಹಾಕಿದ್ರಾ, ಕೊನೇಲಾ?"

"ಮೊದ್ಲು," ಅಂದ ದೇವೇಂದ್ರ.

"ನೀರಲ್ಲಿ ಕದಡಿದ್ರಾ?"

"ಇಲ್ಲ... ಹಂಗೇ ಹಾಕ್ದೆ."

"ಗಮ್ಮನ್ನ ನೀರಲ್ಲಿ ಕದಡಿ ಕೊನೇಲಿ ಹಾಕೋದು. ತೋಟಕ್ಕೂ ಹಿಂಗೇ ಹೊಡೀತೀರಾ?"

ಅವನು ತಲೆ ಎತ್ತಿದ. ಅವಳು ತುಟಿ ಕಚ್ಚಿ ನಗು ತಡೀತಿದ್ದಳು. ಇವನಿಗೆ ತಡೆಯೋಕಾಗಲಿಲ್ಲ, ನಕ್ಕುಬಿಟ್ಟ.

"ಅಮ್ಮ," ಅಂದಳು, "ಕಾಫಿ ಕುಡ್ಕೊಂಡು ಹೋಗೋಣ."

ರಾಜಲಕ್ಷ್ಮಮ್ಮ ನನ್ನನ್ನ ಗೋಡೆ ಪಕ್ಕಕ್ಕೆ ಎಳ್ಕೊಂಡರು.

"ನಿಜ ಹೇಳೆ. ಹುಡುಗ ಹೆಂಗೆ?"

"ಕುಡಿತ ಇಲ್ಲ. ಕಾಯಿಲೆ ಇಲ್ಲ. ಕೂದ್ಲಂತೂ ಇಲ್ವೇ ಇಲ್ಲ."

"ಬುದ್ಧಿ?"

"ಅದನ್ನ ನಿಮ್ಮ ಮಗಳು ಕಲಸಿ ಹಚ್ತಾಳೆ ಬಿಡಿ."