ಹನ್ನೆರಡನೇ ಪುಟದ ಖಾಲಿ ಚೌಕಗಳು

"ಈ ಪುಸ್ತಕ ಮಾಡಿದವರು ನೀವೇನ್ರಿ?"

ಮಹೇಶ್ವರಿ ಕೈಪಿಡಿಯನ್ನು ಮುಂದೆ ಚಾಚಿದಳು. ಆದೋನಿಯ ಹತ್ತಿ ಮಿಲ್ಲಿನ ಬಾಗಿಲಲ್ಲಿ ಉದಯಕುಮಾರ್ ಗಕ್ಕನೆ ನಿಂತ. ಮೂರು ತಿಂಗಳು ಫೋನಿನಲ್ಲಷ್ಟೇ ಕೇಳಿದ ದನಿ... ಇಷ್ಟು ಸಿಟ್ಟಿನಲ್ಲಿ ಎದುರಾಗುತ್ತದೆಂದು ಪಾಪ, ಅವನು ಎಣಿಸಿರಲಿಲ್ಲ.

ಮಿಲ್ಲಿಗೆ ಬಂದ ಹೊಸ ಯಂತ್ರವನ್ನು ನಡೆಸುವ ಸಾಫ್ಟ್‌ವೇರ್ ಅವನ ಎಮ್ಮಿಗನೂರಿನ ಕಂಪನಿಯದು. ಅದರ ಕೈಪಿಡಿಗೆ ಕನ್ನಡ ಬರೆದವಳು ಇವಳು. ತೆಲುಗಿನ ಜೊತೆ ಸೇರಿಸಿ ಪುಸ್ತಕ ಮಾಡಿದವನು ಅವನು. ಹೋದ ವಾರ ಫೋನಿನಲ್ಲಿ, "ನೀವಂದ್ರ ನನಗ ಇಷ್ಟ" ಅಂದಿದ್ದ. ಇವಳಿನ್ನೂ ಉತ್ತರ ಕೊಟ್ಟಿರಲಿಲ್ಲ.

ಈಗ ನೋಡಿದರೆ ಹನ್ನೆರಡನೇ ಪುಟದಲ್ಲಿ ತೆಲುಗು ಮಾತ್ರ ಚೆಂದವಾಗಿತ್ತು. ಕನ್ನಡದ ಎಚ್ಚರಿಕೆಯ ಜಾಗದಲ್ಲಿ ಬರೀ ಖಾಲಿ ಚೌಕಗಳು!

"ನಮ್ಮವ್ವಗ ತೆಲುಗು ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ಹತ್ತು ಗಂಟೆಗೆ ಮಷೀನ್ ಮುಂದ ನಿಂದ್ರಾಕಿ ಆಕೀನ. ಕನ್ನಡ ಯಾಕ ತೆಗೆದ್ರಿ?"

"ನಿಜಂಗಾ, ನಾನು ತೆಗೀಲಿಲ್ರಿ..."

ಒಳಗೆ ಅವ್ವ ಗಾದಿಲಿಂಗಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಹಳೆಯ ಯಂತ್ರ ಅವಳ ಎರಡು ಬೆರಳು ನುಂಗಿತ್ತು. ಮಗಳು ಆ ಕೈಯತ್ತ ನೋಡಿದಳು.

'ಈ ಸಲ ಕೈಯೇ ಹೋದರೆ?'

ಅದರ ಹಿಂದೆಯೇ ಇನ್ನೊಂದು ಭಯ. 'ಪುಸ್ತಕದಲ್ಲೇ ನನ್ನ ಮಾತಿಗೆ ಜಾಗ ಕೊಡದವನು ಮನೆಯಲ್ಲಿ ಕೊಡುತ್ತಾನೆಯೇ?'

ಅವನು ಲ್ಯಾಪ್‌ಟಾಪ್ ತೆರೆದ. ಇವಳೂ ತನ್ನದನ್ನು ತೆರೆದಳು. ಒಂದೇ ಬರಹ. ಇವಳದರಲ್ಲಿ ಅಕ್ಷರ, ಅವನದರಲ್ಲಿ ಚೌಕ.

"ನಂದ್ರಾಗ ತೆಲುಗು ಫಾಂಟ್ ಒಂದೇ ಐತಿ, ಕನ್ನಡದ್ದು ಇಲ್ಲ. ತೆಲುಗು ಅಷ್ಟೇ ನೋಡಿ ಪ್ರಿಂಟಿಗೆ ಕೊಟ್ಟೆ. ತಪ್ಪು ನಂದು."

"ನಿಮ್ಮದೊಂದ ಸರಿ ಮಾಡಿದ್ರ ನಾಳೆ ಇನ್ನೊಬ್ಬರ ಕಂಪ್ಯೂಟರ್‌ನಾಗ ಕನ್ನಡ ಮತ್ತ ಹೋಗ್ತೈತಿ."

"ಹೋಗದಂಗ ಮಾಡ್ತೀನಿ."

ಎರಡೂ ಫಾಂಟ್, ಪುಟ ಕಟ್ಟುವ ಸಲಕರಣೆ, ಎಲ್ಲವನ್ನೂ ಅವನು ಕಂಟೇನರ್ ಎಂಬ ಒಂದೇ ಸಾಫ್ಟ್‌ವೇರ್ ಗಂಟಿಗೆ ತುಂಬಿದ. ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ. ಯಾರ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಅಲ್ಲಿಂದ ಏನೂ ಬೇಡ, ಹೊರಬರುವ ಪುಸ್ತಕ ಒಂದೇ.

ಗಂಟೆ ಒಂಬತ್ತೂ ಮುಕ್ಕಾಲು. ಇಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ನಡೆಸಿ ಪರದೆ ನೋಡುತ್ತ ಕೂತರು... ಎರಡು ಹನ್ನೆರಡನೇ ಪುಟಗಳು ಬಂದವು. ಒಂದು ಕೊಂಬು, ಒಂದು ಒತ್ತು ಕೂಡ ಹೆಚ್ಚುಕಡಿಮೆ ಇರಲಿಲ್ಲ.

ಮಿಲ್ಲಿನ ಆಫೀಸಿನಲ್ಲಿ ಅಚ್ಚಾದ ಹಾಳೆಯನ್ನು ಗಾದಿಲಿಂಗಮ್ಮ ಬೆರಳಿಟ್ಟು ಓದಿದಳು. "ಯಂತ್ರ ತಾನಾಗಿ ನಿಂತರೂ ಕೈ ಹಾಕಬೇಡಿ. ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಮೊದಲು ಕೆಂಪು ಸ್ವಿಚ್ ಒತ್ತಿ."

ಯಂತ್ರ ಶುರುವಾಯಿತು. ಅರ್ಧ ಗಂಟೆಯಲ್ಲೇ ಹತ್ತಿ ಸಿಕ್ಕಿ ನಿಂತಿತು. ಹಳೆಯ ಅಭ್ಯಾಸಕ್ಕೆ ಅವಳ ಕೈ ಮುಂದೆ ಹೋಯಿತು...

ಕೈ ತಟ್ಟನೆ ನಿಂತಿತು. ಪಕ್ಕಕ್ಕೆ ಸರಿದು ಕೆಂಪು ಸ್ವಿಚ್ ಒತ್ತಿತು.

ಮಹೇಶ್ವರಿ ಗೋಡೆಗೊರಗಿ ಅತ್ತುಬಿಟ್ಟಳು. ಉದಯಕುಮಾರ್ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತ.

"ಹೋದ ವಾರ ಅಂದ್ರಲ್ಲ... ನಿಮ್ಮ ಮನ್ಯಾಗ ಎಲ್ಲಾ ತೆಲುಗು. ನಿಮ್ಮವ್ವನ ಮುಂದೂ ಅದೇ ಮಾತು ಬರ್ತೈತೇನು? ನನಗ ಹೆದರಿಕಿ."

ಅವನು ಅಲ್ಲೇ ತಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಅದೇ ಮಾತನ್ನು ತೆಲುಗಿನಲ್ಲಿ ಹೇಳಿದ. "ಅಮ್ಮಾ, ನಾಕು ಮಹೇಶ್ವರಿ ಅಂಟೇ ಇಷ್ಟಂ."

ಮಹೇಶ್ವರಿ ಸ್ಪೀಕರಿನತ್ತ ಕಿವಿಗೊಟ್ಟಳು.

"ಆ ಅಮ್ಮಾಯಿಕಿ ಕೂಡಾ ಇಷ್ಟಮೇನಾ?" ಆ ಹುಡುಗಿಗೂ ಇಷ್ಟವೇ ಎಂದು ಕೇಳಿದರು ತಾಯಿ.

ಅವನು ಫೋನನ್ನು ಅವಳತ್ತ ಹಿಡಿದ. ಅವಳು ಕಣ್ಣೊರೆಸಿಕೊಂಡು ಕನ್ನಡದಲ್ಲೇ ಹೇಳಿದಳು.

"ಹೂನ್ರಿ, ಅತ್ತಿ."